ಕಡಲಪಾಚಿಯಲ್ಲಿ ಆರ್ಸೆನಿಕ್: ಎಷ್ಟಿದೆ ಅನ್ನುವುದಕ್ಕಿಂತ ಯಾವ ರೂಪದಲ್ಲಿದೆ ಅನ್ನುವುದು ಮುಖ್ಯ

ಒಣಗಿಸಿದ ಕಂದು ಕಡಲಪಾಚಿಯನ್ನು ಪರೀಕ್ಷೆಗೆ ಕೊಟ್ಟರೆ ಕಿಲೋಗೆ 30, 50, ಕೆಲವೊಮ್ಮೆ 100 ಮಿಲಿಗ್ರಾಂ ಆರ್ಸೆನಿಕ್ ಇದೆ ಅಂತ ವರದಿ ಬರುತ್ತದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ನಿರವಯವ ಆರ್ಸೆನಿಕ್ ಕಿಲೋಗೆ 0.2 ಮಿಲಿಗ್ರಾಂ ಮೀರಬಾರದು ಎಂದು ಅಂತರರಾಷ್ಟ್ರೀಯ ಕೋಡೆಕ್ಸ್ ಮಾನದಂಡ ಹೇಳುತ್ತದೆ. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಯಾರಿಗಾದರೂ ಎದೆ ಧಸಕ್ ಅನ್ನುತ್ತದೆ. ಆದರೂ ಜಪಾನ್, ಕೊರಿಯಾದ ಜನ ತಲೆತಲಾಂತರದಿಂದ ಪಾಚಿ ತಿಂದುಕೊಂಡೇ ಬಂದಿದ್ದಾರೆ. ಹಾಗಾದರೆ ಪ್ರಯೋಗಾಲಯದ ಅಂಕಿ ಸುಳ್ಳಾ? ಸುಳ್ಳಲ್ಲ. ಆದರೆ ನಾವು ತಿಳಿಯಬೇಕಾದ ಮುಖ್ಯ ವಿಷಯವನ್ನೇ ಅದು ಹೇಳುವುದಿಲ್ಲ.

ಆರ್ಸೆನಿಕ್ ಪ್ರಕೃತಿಯಲ್ಲಿ ಹತ್ತಾರು ರೂಪಗಳಲ್ಲಿ ಇರುತ್ತದೆ. ಇಂಗಾಲದ ಜೊತೆ ಸೇರದ ರೂಪಕ್ಕೆ ನಿರವಯವ ಆರ್ಸೆನಿಕ್ ಅನ್ನುತ್ತಾರೆ. ಆರ್ಸೆನೇಟ್, ಆರ್ಸೆನೈಟ್ ಈ ಗುಂಪಿನವು. ಬಂಗಾಳದ ಕೊಳವೆಬಾವಿಗಳಲ್ಲಿ ಇರುವುದು ಇದೇ. ನಮ್ಮ ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಹಳೆಯ ಚಿನ್ನದ ಗಣಿ ಪ್ರದೇಶದ ನೀರು ಕುಡಿದು ಜನರ ಚರ್ಮದ ಮೇಲೆ ಗಾಯಗಳಾದದ್ದೂ ಇದರಿಂದಲೇ. ಇದು ಕ್ಯಾನ್ಸರ್ ತರುತ್ತದೆ ಎಂಬುದರಲ್ಲಿ ಅನುಮಾನ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಇದನ್ನು ಮೊದಲ ಗುಂಪಿನಲ್ಲಿ, ಅಂದರೆ ಖಚಿತವಾಗಿ ಕ್ಯಾನ್ಸರ್ ತರುವ ವಸ್ತುಗಳ ಸಾಲಿನಲ್ಲಿ ಇಟ್ಟಿದೆ. ಇಂಗಾಲದ ಜೊತೆ ಸೇರಿದ ಆರ್ಸೆನಿಕ್‌ನ ಕಥೆ ಬೇರೆ. ಮೀನು, ಸಿಗಡಿಗಳಲ್ಲಿ ಹೇರಳವಾಗಿರುವ ಆರ್ಸೆನೋಬೀಟೇನ್ ಎಂಬ ರೂಪವನ್ನು ಅದೇ ಸಂಸ್ಥೆ ಮೂರನೇ ಗುಂಪಿಗೆ ಹಾಕಿದೆ. ಕ್ಯಾನ್ಸರ್ ತರುತ್ತದೆ ಎಂದು ವರ್ಗೀಕರಿಸಲು ಆಧಾರ ಇಲ್ಲ ಅನ್ನುವುದು ಇದರ ಅರ್ಥ. ನಾವು ತಿಂದ ಆರ್ಸೆನೋಬೀಟೇನ್ ಒಂದೆರಡು ದಿನದಲ್ಲಿ ಹೆಚ್ಚುಕಡಿಮೆ ಹಾಗೇ ಮೂತ್ರದಲ್ಲಿ ಹೊರಟುಹೋಗುತ್ತದೆ.

ಕಡಲಪಾಚಿ ಈ ಎರಡು ರೂಪಗಳ ನಡುವೆ ನಿಂತಿದೆ. ಸಮುದ್ರದ ನಿರವಯವ ಆರ್ಸೆನಿಕ್ಕನ್ನು ಒಳಗೆ ತೆಗೆದುಕೊಂಡು ಬೇರೆ ರೂಪಕ್ಕೆ ಬದಲಾಯಿಸುವ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಮಾಡುವುದು ಪಾಚಿಗಳು ಮತ್ತು ಕಣ್ಣಿಗೆ ಕಾಣದ ಸೂಕ್ಷ್ಮ ಪಾಚಿಗಳು. ಆ ಕೆಲಸ ಎಷ್ಟರಮಟ್ಟಿಗೆ ಪೂರ್ತಿ ಆಗಿದೆ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ.

ಸಮುದ್ರದ ನೀರಿನಲ್ಲಿ ಆರ್ಸೆನಿಕ್ ಇರುವುದು ತೀರಾ ಕಡಿಮೆ. ಒಂದು ಲೀಟರಿಗೆ 1ರಿಂದ 2 ಮೈಕ್ರೋಗ್ರಾಂ ಅಷ್ಟೇ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಮಟ್ಟ ಲೀಟರಿಗೆ 10 ಮೈಕ್ರೋಗ್ರಾಂ. ಅಷ್ಟು ತೆಳು ನೀರಿನಿಂದ ಪಾಚಿ ತನ್ನ ಮೈಯಲ್ಲಿ ಹತ್ತಾರು ಸಾವಿರ ಪಟ್ಟು ಸಾಂದ್ರವಾಗಿ ಆರ್ಸೆನಿಕ್ ಕೂಡಿಹಾಕುತ್ತದೆ. ಯಾಕೆ? ಅದಕ್ಕೆ ಆರ್ಸೆನಿಕ್ ಬೇಕಾಗಿಲ್ಲ. ಬೇಕಾಗಿರುವುದು ಫಾಸ್ಫೇಟ್. ಜೀವಕೋಶದ ಶಕ್ತಿ, ಡಿಎನ್‌ಎ, ಕೋಶದ ಪೊರೆ, ಎಲ್ಲಕ್ಕೂ ಫಾಸ್ಫೇಟ್ ಬೇಕು. ಆವರ್ತ ಕೋಷ್ಟಕದಲ್ಲಿ ಆರ್ಸೆನಿಕ್ ಫಾಸ್ಫರಸ್‌ನ ಕೆಳಗಿನ ಮನೆಯಲ್ಲಿದೆ. ಹಾಗಾಗಿ ಆರ್ಸೆನೇಟ್‌ನ ಗಾತ್ರ, ಆಕಾರ, ವಿದ್ಯುದಂಶ ಎಲ್ಲವೂ ಫಾಸ್ಫೇಟ್‌ಗೆ ತುಂಬಾ ಹತ್ತಿರ. ರಾಗಿಯಲ್ಲಿ ಸಾಸಿವೆ ಬೆರೆತರೆ ಜರಡಿ ಹಿಡಿದರೂ ಬೇರೆಯಾಗದ ಹಾಗೆ, ಪಾಚಿಯ ಕೋಶ ಫಾಸ್ಫೇಟ್ ಒಳಗೆಳೆಯಲು ಇಟ್ಟುಕೊಂಡಿರುವ ದಾರಿಯಲ್ಲೇ ಆರ್ಸೆನೇಟ್ ಕೂಡ ನುಸುಳುತ್ತದೆ.

ಇಲ್ಲಿ ಒಂದು ಲೆಕ್ಕ ಗಮನಿಸಬೇಕು. ಆಳ ಸಮುದ್ರದಲ್ಲಿ ಫಾಸ್ಫೇಟ್ ಅಣುಗಳು ಆರ್ಸೆನೇಟ್‌ಗಿಂತ ಸುಮಾರು ನೂರು ಪಟ್ಟು ಜಾಸ್ತಿ. ಅಲ್ಲಿ ತಪ್ಪು ಅಣು ಒಳಗೆ ಬರುವ ಸಾಧ್ಯತೆ ಕಡಿಮೆ. ಆದರೆ ಬಿಸಿಲು ಬೀಳುವ ಮೇಲ್ಪದರದಲ್ಲಿ ಜೀವಿಗಳು ಫಾಸ್ಫೇಟನ್ನೆಲ್ಲ ಬಳಸಿ ಮುಗಿಸಿಬಿಡುತ್ತವೆ. ಅಟ್ಲಾಂಟಿಕ್ ಮಹಾಸಾಗರದ ಸರ್ಗ್ಯಾಸೋ ಸಮುದ್ರದಲ್ಲಿ ಬೇಸಿಗೆಯಲ್ಲಿ ಫಾಸ್ಫೇಟ್ ಎಷ್ಟು ಇಳಿಯುತ್ತದೆ ಅಂದರೆ, ನೀರಿನಲ್ಲಿ ಫಾಸ್ಫೇಟ್‌ಗಿಂತ ಆರ್ಸೆನೇಟ್ ಜಾಸ್ತಿ ಆಗಿಬಿಡುತ್ತದೆ. ಹಸಿದ ಪಾಚಿ ಫಾಸ್ಫೇಟ್‌ಗಾಗಿ ಇನ್ನಷ್ಟು ಬಾಗಿಲು ತೆರೆಯುತ್ತದೆ. ಅದರ ಜೊತೆ ಆರ್ಸೆನಿಕ್ ಕೂಡ ಇನ್ನಷ್ಟು ಒಳಗೆ ಬರುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಒಳಗೆ ಬಂದ ಆರ್ಸೆನೇಟ್ ಸುಮ್ನೆ ಇರುವುದಿಲ್ಲ. ಕೋಶಕ್ಕೆ ಶಕ್ತಿ ಕೊಡುವ ಎಟಿಪಿ ಅಣುವಿನಲ್ಲಿ ಫಾಸ್ಫೇಟ್ ಕೂರಬೇಕಾದ ಜಾಗದಲ್ಲಿ ಹೋಗಿ ಕೂರುತ್ತದೆ. ಹಾಗೆ ಆದ ಅಣು ಗಟ್ಟಿ ಇರುವುದಿಲ್ಲ, ತಕ್ಷಣ ಒಡೆದುಹೋಗುತ್ತದೆ, ಶಕ್ತಿ ಪೋಲಾಗುತ್ತದೆ. ಆರ್ಸೆನೈಟ್ ಆಗಿ ಬದಲಾದರೆ ಇನ್ನೂ ಕಷ್ಟ, ಪ್ರೋಟೀನುಗಳಲ್ಲಿರುವ ಗಂಧಕಕ್ಕೆ ಅಂಟಿಕೊಂಡು ಅವುಗಳ ಕೆಲಸ ನಿಲ್ಲಿಸುತ್ತದೆ. ಹಾಗಾಗಿ ಪಾಚಿ ಇದಕ್ಕೆ ತನ್ನದೇ ಉಪಾಯ ಕಂಡುಕೊಂಡಿದೆ. ಮೊದಲು ಆರ್ಸೆನೇಟನ್ನು ಆರ್ಸೆನೈಟ್ ಮಾಡುತ್ತದೆ. ಅದಕ್ಕೆ ಒಂದೊಂದಾಗಿ ಮೀಥೈಲ್ ಗುಂಪುಗಳನ್ನು, ಅಂದರೆ ಒಂದು ಇಂಗಾಲ, ಮೂರು ಜಲಜನಕ ಸೇರಿದ ತುಣುಕುಗಳನ್ನು ಅಂಟಿಸುತ್ತದೆ. ಕೊನೆಗೆ ಅದನ್ನು ರೈಬೋಸ್ ಎಂಬ ಸಕ್ಕರೆಗೆ ಕಟ್ಟಿಬಿಡುತ್ತದೆ. ಹೀಗೆ ಹುಟ್ಟುವುದು ಆರ್ಸೆನೋಶುಗರ್. ಬಹುತೇಕ ಕಡಲಪಾಚಿಗಳಲ್ಲಿ ಇರುವ ಆರ್ಸೆನಿಕ್‌ನ ದೊಡ್ಡ ಪಾಲು ಈ ಸಕ್ಕರೆ ರೂಪದಲ್ಲೇ ಇರುತ್ತದೆ.

ಇದು ಗೊತ್ತಾದದ್ದು ಆಸ್ಟ್ರೇಲಿಯಾದ ಪಶ್ಚಿಮ ಕರಾವಳಿಯಲ್ಲಿ. ಸಮುದ್ರದ ಆಹಾರದಲ್ಲಿ ಆರ್ಸೆನಿಕ್ ಇದೆ ಅನ್ನುವುದು 1920ರ ದಶಕದಲ್ಲೇ ತಿಳಿದಿತ್ತು, ಆದರೆ ಯಾವ ರೂಪದಲ್ಲಿ ಅಂತ ಯಾರಿಗೂ ಗೊತ್ತಿರಲಿಲ್ಲ. 1977ರಲ್ಲಿ ಜಾನ್ ಎಡ್ಮಂಡ್ಸ್, ಕೆವಿನ್ ಫ್ರಾನ್ಸೆಸ್ಕೋನಿ ಮತ್ತು ಜೊತೆಗಾರರು ಅಲ್ಲಿನ ಕಲ್ಲೇಡಿಯಿಂದ (ರಾಕ್ ಲಾಬ್‌ಸ್ಟರ್) ಆರ್ಸೆನೋಬೀಟೇನನ್ನು ಬೇರ್ಪಡಿಸಿದರು. ಇದು ಏಡಿಗೆ ಎಲ್ಲಿಂದ ಬಂತು ಎಂದು ಹುಡುಕುತ್ತಾ ಅವರು ಆಹಾರ ಸರಪಳಿಯಲ್ಲಿ ಕೆಳಗಿಳಿದರು. 1981ರಲ್ಲಿ ಎಕ್ಲೋನಿಯಾ ರೇಡಿಯಾಟಾ ಎಂಬ ಕಂದು ಪಾಚಿಯಲ್ಲಿ ಆರ್ಸೆನೋಶುಗರ್ ಸಿಕ್ಕಿತು. ಒಂದೇ ತಂಡ ಸರಪಳಿಯ ಎರಡೂ ತುದಿ ಹಿಡಿದಿತ್ತು. ಏಡಿಯ ತಟ್ಟೆಯಿಂದ ಪಾಚಿಯ ಎಲೆಯವರೆಗೆ ಹೀಗೆ ಹಿಂದಕ್ಕೆ ಹೆಜ್ಜೆ ಹಾಕಿದ ಈ ಕೆಲಸ ನನಗೆ ತುಂಬಾ ಇಷ್ಟ. ಪ್ರಶ್ನೆಯನ್ನು ಸರಿಯಾಗಿ ಕೇಳಿದರೆ ಉತ್ತರ ತಾನಾಗಿ ದಾರಿ ತೋರಿಸುತ್ತದೆ ಅಲ್ವಾ?

ಪಾಚಿ ತಿನ್ನುವ ಬಸವನಹುಳು, ಕಡಲಕುಡಿಕೆ (ಸೀ ಅರ್ಚಿನ್) ಮುಂತಾದ ಜೀವಿಗಳಿಗೆ ಈ ಆರ್ಸೆನೋಶುಗರ್ ಸಿಗುತ್ತದೆ. ಅವುಗಳನ್ನು ತಿನ್ನುವ ಪ್ರಾಣಿಗಳಲ್ಲಿ ಆರ್ಸೆನೋಬೀಟೇನ್ ಪಾಲು ಏರುತ್ತಾ ಹೋಗುತ್ತದೆ. ಒಂದು ಇನ್ನೊಂದಾಗಿ ಬದಲಾಗುವ ದಾರಿಯ ಎಲ್ಲ ಮೆಟ್ಟಿಲುಗಳ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ಒಮ್ಮತ ಮೂಡಿಲ್ಲ. ಆದರೆ ಪ್ರಾಣಿಗಳು ಆರ್ಸೆನೋಬೀಟೇನನ್ನು ಹಿಡಿದಿಟ್ಟುಕೊಳ್ಳುವುದಕ್ಕೆ ಒಳ್ಳೆಯ ವಿವರಣೆ ಇದೆ. ಉಪ್ಪುನೀರಿನಲ್ಲಿ ಬದುಕುವ ಜೀವಿಗಳು ಕೋಶದ ನೀರು ಹೊರಹೋಗದಂತೆ ಗ್ಲೈಸಿನ್ ಬೀಟೇನ್ ಎಂಬ ವಸ್ತುವನ್ನು ಒಳಗೆ ಇಟ್ಟುಕೊಳ್ಳುತ್ತವೆ. ಆರ್ಸೆನೋಬೀಟೇನ್ ನೋಡಲು ಅದರ ಹಾಗೇ ಇದೆ. ಅಲ್ಲಿಗೆ ಪಾಚಿಯಲ್ಲಿ ನಡೆದ ಅದಲುಬದಲು ಪ್ರಾಣಿಯಲ್ಲೂ ನಡೆಯುತ್ತದೆ, ಆದರೆ ಈ ಸಲ ಹಾನಿಯಿಲ್ಲದೆ.

ಪಾದರಸಕ್ಕೂ ಆರ್ಸೆನಿಕ್‌ಗೂ ಇರುವ ದೊಡ್ಡ ವ್ಯತ್ಯಾಸ ಇಲ್ಲೇ ಕಾಣುತ್ತದೆ. ಪಾದರಸಕ್ಕೆ ಮೀಥೈಲ್ ಗುಂಪು ಸೇರಿದರೆ ಅದರ ವಿಷ ಇನ್ನೂ ಕೆಟ್ಟದಾಗುತ್ತದೆ. ಸಣ್ಣ ಮೀನಿನಿಂದ ದೊಡ್ಡ ಮೀನಿಗೆ, ದೊಡ್ಡ ಮೀನಿನಿಂದ ನಮಗೆ ಬರುತ್ತಾ ಅದು ಏರುತ್ತಾ ಹೋಗುತ್ತದೆ. ಆರ್ಸೆನಿಕ್‌ನಲ್ಲಿ ಸಾಮಾನ್ಯವಾಗಿ ಹಾಗೆ ಆಗುವುದಿಲ್ಲ. ಸರಪಳಿಯ ತಳದಲ್ಲಿರುವ ಪಾಚಿಯಲ್ಲೇ ಅದು ಜಾಸ್ತಿ, ಮೇಲೆ ಹೋದಂತೆ ಏರುತ್ತಲೇ ಹೋಗುವ ಕ್ರಮ ಕಾಣುವುದಿಲ್ಲ. ಪಾಚಿಗಳು ತಳದಲ್ಲೇ ಆರ್ಸೆನಿಕ್‌ನ ಹಲ್ಲು ಕೀಳದಿದ್ದರೆ ಸಮುದ್ರದ ಆಹಾರ ಸರಪಳಿ ಇವತ್ತಿನ ಹಾಗೆ ಇರುತ್ತಿರಲಿಲ್ಲ ಅಂತಲೇ ನಾನು ನಂಬುತ್ತೇನೆ.

ಪಾಚಿ ಸತ್ತು ದಡದಲ್ಲಿ ಕೊಳೆತಾಗ ಈ ಚಕ್ರ ಹಿಂದಕ್ಕೆ ತಿರುಗುತ್ತದೆ. ಬ್ಯಾಕ್ಟೀರಿಯಾಗಳು ಸಕ್ಕರೆಯ ಭಾಗವನ್ನು ಕಡಿದು ತಿನ್ನುತ್ತವೆ, ಮೀಥೈಲ್ ಗುಂಪುಗಳು ಒಂದೊಂದಾಗಿ ಕಳಚುತ್ತವೆ, ಆರ್ಸೆನಿಕ್ ಮತ್ತೆ ಆರ್ಸೆನೇಟ್ ಆಗಿ ನೀರು ಸೇರುತ್ತದೆ. ಅಂದರೆ ಪಾಚಿ ಆರ್ಸೆನಿಕ್ಕನ್ನು ನಾಶ ಮಾಡುವುದಿಲ್ಲ. ಸ್ವಲ್ಪ ಕಾಲ ಬೇರೆ ರೂಪದಲ್ಲಿ ಹಿಡಿದಿಟ್ಟುಕೊಳ್ಳುತ್ತದೆ, ಅಷ್ಟೇ.

ಪಾಚಿಯನ್ನೇ ಊಟ ಮಾಡಿ ಬದುಕುವ ಸಸ್ತನಿಗೆ ಏನಾಗುತ್ತದೆ ಅಂತ ನೋಡಲು ಒಂದು ಅಪರೂಪದ ಜಾಗ ಇದೆ. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪಗಳಲ್ಲಿ ನಾರ್ತ್ ರೊನಾಲ್ಡ್‌ಸೇ ಎಂಬ ಪುಟ್ಟ ದ್ವೀಪ. 1832ರಲ್ಲಿ ಅಲ್ಲಿನ ಜನ ಬೆಳೆ ಉಳಿಸಿಕೊಳ್ಳಲು ದ್ವೀಪದ ಸುತ್ತ ಸುಮಾರು 20 ಕಿಲೋಮೀಟರ್ ಕಲ್ಲಿನ ಗೋಡೆ ಕಟ್ಟಿ ಕುರಿಗಳನ್ನು ಸಮುದ್ರದ ಕಡೆಗೆ ಬಿಟ್ಟರು. ಅಂದಿನಿಂದ ಆ ಕುರಿಗಳ ಮುಖ್ಯ ಆಹಾರ ದಡಕ್ಕೆ ಬಂದು ಬೀಳುವ ಕೆಲ್ಪ್ ಪಾಚಿ. ಮರಿ ಹಾಕುವ ಕಾಲದಲ್ಲಿ ಮಾತ್ರ ತಾಯಿಕುರಿಗಳನ್ನು ಹುಲ್ಲಿಗೆ ಬಿಡುತ್ತಾರೆ. ಇವು ದಿನಕ್ಕೆ ಹತ್ತಾರು ಮಿಲಿಗ್ರಾಂ ಆರ್ಸೆನಿಕ್ ತಿನ್ನುತ್ತವೆ. ಅಷ್ಟೂ ನಿರವಯವ ರೂಪದಲ್ಲಿದ್ದಿದ್ದರೆ ಈ ತಳಿ ಉಳಿಯುತ್ತಲೇ ಇರಲಿಲ್ಲ. ಅಬರ್ಡೀನ್‌ನಲ್ಲಿದ್ದ ಯೋರ್ಗ್ ಫೆಲ್ಡ್‌ಮನ್ ಮತ್ತು ತಂಡ ಇವುಗಳ ಮೂತ್ರ, ರಕ್ತ, ಉಣ್ಣೆ ಪರೀಕ್ಷಿಸಿತು. ಆರ್ಸೆನೋಶುಗರ್ ಹೊಟ್ಟೆಯಲ್ಲಿ ಒಡೆದು ಮುಖ್ಯವಾಗಿ ಡಿಎಂಎ, ಅಂದರೆ ಡೈಮೀಥೈಲ್ ಆರ್ಸಿನಿಕ್ ಆಮ್ಲವಾಗಿ ಮೂತ್ರದಲ್ಲಿ ಹೊರಬರುತ್ತಿತ್ತು. ಹುಲ್ಲು ತಿನ್ನುವ ಕುರಿಗಳಿಗಿಂತ ಇವುಗಳ ಉಣ್ಣೆ, ರಕ್ತದಲ್ಲಿ ಆರ್ಸೆನಿಕ್ ಜಾಸ್ತಿ ಇತ್ತು. ಆದರೂ ಸುಮಾರು ಇನ್ನೂರು ವರ್ಷಗಳಿಂದ ಮಂದೆ ಬದುಕಿದೆ.

ಇಷ್ಟು ಓದಿದ ಮೇಲೆ ಕಡಲಪಾಚಿ ಪೂರ್ತಿ ಸುರಕ್ಷಿತ ಅಂತ ತೀರ್ಮಾನಿಸಬೇಡಿ. ಎಲ್ಲ ಪಾಚಿಗಳೂ ಆರ್ಸೆನಿಕ್ ಬದಲಾಯಿಸುವ ಕೆಲಸ ಪೂರ್ತಿ ಮಾಡುವುದಿಲ್ಲ. ಜಪಾನಿನಲ್ಲಿ ಹಿಜಿಕಿ ಎಂದು ಕರೆಯುವ ಕಪ್ಪು ಪಾಚಿಯೊಂದಿದೆ. ಅದು ಸರ್ಗ್ಯಾಸಮ್ ಎಂಬ ಕಂದು ಪಾಚಿಗಳ ಕುಲಕ್ಕೆ ಸೇರಿದ್ದು. ಇದರಲ್ಲಿ ಆರ್ಸೆನಿಕ್‌ನ ಬಹುಪಾಲು ಆರ್ಸೆನೇಟ್ ರೂಪದಲ್ಲೇ ಉಳಿದುಬಿಡುತ್ತದೆ. ಬ್ರಿಟನ್ನಿನ ಆಹಾರ ಸುರಕ್ಷತಾ ಸಂಸ್ಥೆ ಲಂಡನ್ ಅಂಗಡಿಗಳಲ್ಲಿ ಸಿಗುವ ಐದು ಬಗೆಯ ಪಾಚಿ ಪರೀಕ್ಷೆ ಮಾಡಿಸಿತು. ಅರಾಮೆ, ಕೊಂಬು, ನೋರಿ, ವಕಾಮೆ ಎಲ್ಲದರಲ್ಲೂ ಒಟ್ಟು ಆರ್ಸೆನಿಕ್ ಇತ್ತು. ಆದರೆ ನಿರವಯವ ಆರ್ಸೆನಿಕ್ ದೊಡ್ಡ ಪ್ರಮಾಣದಲ್ಲಿ ಸಿಕ್ಕಿದ್ದು ಹಿಜಿಕಿಯಲ್ಲಿ ಮಾತ್ರ. ಒಣ ಪಾಚಿಯ ಕಿಲೋಗೆ 67ರಿಂದ 96 ಮಿಲಿಗ್ರಾಂ. 2004ರಲ್ಲಿ ಆ ಸಂಸ್ಥೆ ಹಿಜಿಕಿ ತಿನ್ನಬೇಡಿ ಎಂದು ಜನರಿಗೆ ಹೇಳಿತು. ಕೆನಡಾ ಅದಕ್ಕೂ ಮೊದಲೇ, 2001ರಲ್ಲಿ ಎಚ್ಚರಿಸಿತ್ತು.

ಜಪಾನಿನ ಆರೋಗ್ಯ ಸಚಿವಾಲಯ ಇದಕ್ಕೆ ಉತ್ತರ ಕೊಟ್ಟಿತು. 50 ಕಿಲೋ ತೂಕದ ವ್ಯಕ್ತಿ ದಿನವೂ 4.7 ಗ್ರಾಂಗಿಂತ ಹೆಚ್ಚು ಹಿಜಿಕಿ ತಿನ್ನುತ್ತಲೇ ಇದ್ದರೆ ಮಾತ್ರ ಮಿತಿ ದಾಟುತ್ತದೆ, ಜಪಾನೀಯರು ಸರಾಸರಿ ತಿನ್ನುವುದು ದಿನಕ್ಕೆ 0.9 ಗ್ರಾಂ, ಹಾಗಾಗಿ ಸಮತೋಲಿತ ಊಟ ಮಾಡುವವರು ಹೆದರಬೇಕಿಲ್ಲ ಎಂದಿತು. ಆ ಲೆಕ್ಕ ಅಂದಿಗೆ ಸರಿ ಇತ್ತು. ಆದರೆ ಅದು ನಿಂತಿದ್ದು ವಾರಕ್ಕೆ ದೇಹತೂಕದ ಕಿಲೋಗೆ 15 ಮೈಕ್ರೋಗ್ರಾಂ ಎಂಬ ಅಂತರರಾಷ್ಟ್ರೀಯ ಮಿತಿಯ ಮೇಲೆ. 2010ರಲ್ಲಿ ಆ ಮಿತಿಯನ್ನು ರೂಪಿಸಿದ ತಜ್ಞರ ಸಮಿತಿಯೇ ಅದನ್ನು ವಾಪಸ್ ತೆಗೆದುಕೊಂಡಿತು. ಅಷ್ಟು ಪ್ರಮಾಣದಲ್ಲೂ ಅಪಾಯ ಇದೆ ಅನ್ನುವುದು ಅದಕ್ಕೆ ಕಾರಣ. 2024ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಚರ್ಮದ ಕ್ಯಾನ್ಸರ್ ಆಧಾರದ ಮೇಲೆ ದಿನಕ್ಕೆ ದೇಹತೂಕದ ಕಿಲೋಗೆ 0.06 ಮೈಕ್ರೋಗ್ರಾಂ ಎಂಬ ಅಂಕಿಯನ್ನು ಅಳತೆಗೋಲಾಗಿ ಇಟ್ಟುಕೊಂಡಿತು. ಹಳೆಯ ಮಿತಿ ದಿನದ ಲೆಕ್ಕದಲ್ಲಿ 2ಕ್ಕಿಂತ ಸ್ವಲ್ಪ ಜಾಸ್ತಿ ಇತ್ತು. ಎರಡೂ ಒಂದೇ ಬಗೆಯ ಅಂಕಿಗಳಲ್ಲ, ನೇರವಾಗಿ ಹೋಲಿಸುವ ಹಾಗಿಲ್ಲ. ಆದರೂ ಕಳೆದ 20 ವರ್ಷಗಳಲ್ಲಿ ನಿರವಯವ ಆರ್ಸೆನಿಕ್ ಬಗ್ಗೆ ವಿಜ್ಞಾನ ಎಷ್ಟು ಕಟ್ಟುನಿಟ್ಟಾಗಿದೆ ಅನ್ನುವುದು ಇದರಿಂದ ತಿಳಿಯುತ್ತದೆ. 2004ರ ಸಮಾಧಾನದ ಮಾತನ್ನು ಇವತ್ತೂ ಹಾಗೇ ಹೇಳಲು ಆಗುವುದಿಲ್ಲ.

ಜಪಾನ್ ಕೈಕಟ್ಟಿ ಕೂತಿಲ್ಲ ಅನ್ನುವುದನ್ನೂ ಹೇಳಬೇಕು. ಅಲ್ಲಿನ ಕೃಷಿ ಸಚಿವಾಲಯ ಅಡುಗೆಮನೆಗೇ ಪರಿಹಾರ ಕೊಟ್ಟಿದೆ. ಒಣ ಹಿಜಿಕಿಯನ್ನು ನೀರಿನಲ್ಲಿ ನೆನೆಸಿ ಆ ನೀರು ಚೆಲ್ಲಿದರೆ ನಿರವಯವ ಆರ್ಸೆನಿಕ್ ಅರ್ಧ ಹೋಗುತ್ತದೆ. ಕುದಿಸಿ ನೀರು ಚೆಲ್ಲಿದರೆ ಸುಮಾರು ಶೇ 80 ಭಾಗ. ಮೊದಲು ನೆನೆಸಿ, ಆಮೇಲೆ ಕುದಿಸಿ ಬಸಿದರೆ ಸುಮಾರು ಶೇ 90 ಭಾಗ. ಆರ್ಸೆನೇಟ್ ನೀರಿನಲ್ಲಿ ಸುಲಭವಾಗಿ ಕರಗುವುದರಿಂದ ಇದು ಸಾಧ್ಯ.

ಇನ್ನು ಇಂಗಾಲ ಸೇರಿದ ಆರ್ಸೆನಿಕ್ ಎಲ್ಲವೂ ನಿರಪಾಯಕಾರಿಯಾ? ಆರ್ಸೆನೋಬೀಟೇನ್ ಬಗ್ಗೆ ನೆಮ್ಮದಿಯಿಂದ ಇರಬಹುದು. ಆರ್ಸೆನೋಶುಗರ್ ಬಗ್ಗೆ ಅಷ್ಟು ಧೈರ್ಯವಾಗಿ ಹೇಳಲಾರೆ. ನಮ್ಮ ದೇಹದಲ್ಲೂ ಅದು ಒಡೆದು ಡಿಎಂಎ ಆಗುತ್ತದೆ. ಕ್ಯಾನ್ಸರ್ ತರುವ ಸಾಧ್ಯತೆ ಇರುವ ವಸ್ತುಗಳ ಗುಂಪಿನಲ್ಲಿ ಡಿಎಂಎ ಇದೆ. ಆಸ್ಟ್ರೇಲಿಯಾದಲ್ಲಿ ಈ ಕಥೆ ಶುರುಮಾಡಿದ ಫ್ರಾನ್ಸೆಸ್ಕೋನಿ ಆಮೇಲೆ ಆಸ್ಟ್ರಿಯಾದ ಗ್ರಾಟ್ಸ್‌ನಲ್ಲಿ ಕೆಲಸ ಮಾಡಿದರು. ಅವರ ತಂಡ ಆರು ಸ್ವಯಂಸೇವಕರಿಗೆ ಒಂದೇ ಆರ್ಸೆನೋಶುಗರ್ ಕೊಟ್ಟು ನಾಲ್ಕು ದಿನ ಮೂತ್ರ ಪರೀಕ್ಷಿಸಿತು. 2009ರಲ್ಲಿ ಪ್ರಕಟವಾದ ಫಲಿತಾಂಶ ಬೆರಗು ಹುಟ್ಟಿಸುವಂತಿದೆ. ಒಬ್ಬರ ದೇಹದಿಂದ ಶೇ 95ರಷ್ಟು ಹೊರಬಂದರೆ, ಇನ್ನೊಬ್ಬರಿಂದ ಬಂದದ್ದು ಶೇ 4 ಮಾತ್ರ. ಅದೇ ವಸ್ತು, ಆದರೆ ಪ್ರತಿ ದೇಹದ ಲೆಕ್ಕವೂ ಬೇರೆ. ಕೊಬ್ಬಿನಲ್ಲಿ ಕರಗುವ ಆರ್ಸೆನೋಲಿಪಿಡ್‌ಗಳ ವಿಷಯ ಇನ್ನೂ ಸೂಕ್ಷ್ಮ. 1988ರಲ್ಲಿ ವಕಾಮೆ ಪಾಚಿಯಲ್ಲಿ ಇಂಥ ಒಂದನ್ನು ಮೊದಲು ಗುರುತಿಸಿದರು. ಇವುಗಳಲ್ಲಿ ಒಂದು ಗುಂಪು ಪ್ರಯೋಗಾಲಯದಲ್ಲಿ ಮನುಷ್ಯರ ಜೀವಕೋಶಗಳಿಗೆ ಆರ್ಸೆನೈಟ್‌ನಷ್ಟೇ ಹಾನಿ ಮಾಡಿದೆ. ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಫಲಿತಾಂಶವನ್ನು ನೇರವಾಗಿ ಊಟದ ತಟ್ಟೆಗೆ ತರುವ ಹಾಗಿಲ್ಲ. ಆದರೆ ಇಂಗಾಲ ಸೇರಿದ ಮಾತ್ರಕ್ಕೆ ಚಿಂತೆ ಇಲ್ಲ ಅನ್ನುವ ಹಳೆಯ ಮಾತು ಈಗ ನಿಲ್ಲುವುದಿಲ್ಲ.

ಈಗ ಅಟ್ಲಾಂಟಿಕ್ ಕಡೆ ಬರೋಣ. 2011ರಿಂದ ಅಲ್ಲಿ ಹೆಚ್ಚುಕಡಿಮೆ ಪ್ರತಿ ವರ್ಷ ತೇಲುವ ಸರ್ಗ್ಯಾಸಮ್ ಪಾಚಿ ಆಫ್ರಿಕಾದಿಂದ ಮೆಕ್ಸಿಕೋ ಕೊಲ್ಲಿಯವರೆಗೆ ಪಟ್ಟಿಯಂತೆ ಹರಡುತ್ತಿದೆ. ಸೌತ್ ಫ್ಲೋರಿಡಾ ವಿಶ್ವವಿದ್ಯಾಲಯದ ಉಪಗ್ರಹ ಲೆಕ್ಕದ ಪ್ರಕಾರ 2018ರಲ್ಲಿ 2 ಕೋಟಿ ಟನ್ ದಾಟಿತ್ತು, 2025ರ ಮೇ ತಿಂಗಳಲ್ಲಿ 3.7 ಕೋಟಿ ಟನ್ ಮುಟ್ಟಿತು. ಕೆರಿಬಿಯನ್ ದ್ವೀಪಗಳ ದಡಗಳಲ್ಲಿ ಇದು ರಾಶಿರಾಶಿಯಾಗಿ ಬಂದು ಬೀಳುತ್ತದೆ. ಇದನ್ನು ಗೊಬ್ಬರ ಮಾಡೋಣ, ದನಕ್ಕೆ ಹಾಕೋಣ ಎಂದು ಎಲ್ಲರೂ ಯೋಚಿಸಿದರು. ಆದರೆ ಮೆಕ್ಸಿಕೋ ಕರಾವಳಿಯ ಮಾದರಿಗಳನ್ನು ಪರೀಕ್ಷಿಸಿದ 2020ರ ಅಧ್ಯಯನದಲ್ಲಿ ಆರ್ಸೆನಿಕ್ ಕಿಲೋಗೆ 24ರಿಂದ 172 ಮಿಲಿಗ್ರಾಂ ಇತ್ತು. ಶೇ 86ರಷ್ಟು ಮಾದರಿಗಳು ಪಶು ಆಹಾರಕ್ಕೆ ಯುರೋಪ್ ಇಟ್ಟಿರುವ 40 ಮಿಲಿಗ್ರಾಂ ಮಿತಿ ದಾಟಿದ್ದವು. ಇದು ಹಿಜಿಕಿಯ ಕುಲದ್ದೇ ಪಾಚಿ, ನಿರವಯವ ಪಾಲೂ ದೊಡ್ಡದು.

ಮೊದಲು ಹೇಳಿದ ಫಾಸ್ಫೇಟ್ ಲೆಕ್ಕ ಇಲ್ಲಿ ಕೆಲಸಕ್ಕೆ ಬರುತ್ತದೆ. 1980ರ ದಶಕದಿಂದ 2010ರ ದಶಕದವರೆಗಿನ ಸರ್ಗ್ಯಾಸಮ್ ಮಾದರಿಗಳನ್ನು ಹೋಲಿಸಿದಾಗ ಅದರ ಮೈಯಲ್ಲಿ ಸಾರಜನಕ ಶೇ 35ರಷ್ಟು ಏರಿತ್ತು, ಫಾಸ್ಫರಸ್ ಶೇ 44ರಷ್ಟು ಇಳಿದಿತ್ತು. ಹೊಲಗಳ ಗೊಬ್ಬರ, ನಗರಗಳ ಕೊಳಚೆ, ಗಾಳಿಯ ಮಾಲಿನ್ಯ ಇವುಗಳಿಂದ ಸಮುದ್ರಕ್ಕೆ ಸಾರಜನಕ ಜಾಸ್ತಿ ಸೇರುತ್ತಿದೆ. ಪಾಚಿ ಬೆಳೆಯುತ್ತದೆ, ಬೆಳೆದಂತೆ ಫಾಸ್ಫೇಟ್‌ಗೆ ಹಸಿಯುತ್ತದೆ. 2023ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಫಾಸ್ಫರಸ್ ಕೊರತೆ ಇರುವ ಕಡೆಯ ಸರ್ಗ್ಯಾಸಮ್‌ನಲ್ಲೇ ಆರ್ಸೆನಿಕ್ ಜಾಸ್ತಿ ಎಂದು ತೋರಿಸಿತು. ಈ ವಿಷಯದಲ್ಲಿ ನನ್ನನ್ನು ಹೆಚ್ಚು ಕಾಡುವುದು ಇದೇ. ಯಾರೂ ಸಮುದ್ರಕ್ಕೆ ಆರ್ಸೆನಿಕ್ ಸುರಿಯಬೇಕಿಲ್ಲ. ನೀರಿನ ಪೋಷಕಾಂಶದ ಸಮತೋಲನ ತಪ್ಪಿಸಿದರೆ ಸಾಕು, ಮೊದಲಿಂದ ಇದ್ದ ಆರ್ಸೆನಿಕ್ಕೇ ಪಾಚಿಯೊಳಗೆ ಬರುತ್ತದೆ. ಆ ರಾಶಿಯನ್ನು ದಡದಿಂದ ಎತ್ತಿ ಎಲ್ಲೋ ಗುಂಡಿಗೆ ಹಾಕಿದರೆ ಕೊಳೆತು ಸೋರುವ ನೀರಿನಲ್ಲಿ ಆರ್ಸೆನಿಕ್ ಇರುತ್ತದೆ. ಮೆಕ್ಸಿಕೋದ ಯುಕಟಾನ್ ನೆಲ ಪೂರ್ತಿ ಸುಣ್ಣದಕಲ್ಲು, ಮೇಲೆ ಬಿದ್ದದ್ದು ಬೇಗ ಅಂತರ್ಜಲ ಸೇರುತ್ತದೆ. ಅಲ್ಲಿನ ಜನ ಕುಡಿಯುವುದು ಆ ನೀರನ್ನೇ.

ನಮ್ಮ ದೇಶಕ್ಕೆ ಇದು ದೂರದ ಸುದ್ದಿಯಲ್ಲ. 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಕಡಲಪಾಚಿ ಕೃಷಿಗೆ 640 ಕೋಟಿ ರೂಪಾಯಿ ಇಡಲಾಯಿತು, 11 ಲಕ್ಷ ಟನ್‌ಗೂ ಜಾಸ್ತಿ ಬೆಳೆಯುವ ಗುರಿ ಹಾಕಲಾಯಿತು. ತಮಿಳುನಾಡಿನ ರಾಮನಾಥಪುರ ಜಿಲ್ಲೆಯಲ್ಲಿ ಮಹಿಳೆಯರು ಬಿದಿರಿನ ತೆಪ್ಪಗಳಲ್ಲಿ ಕಪ್ಪಾಫೈಕಸ್ ಎಂಬ ಪಾಚಿ ಬೆಳೆಯುತ್ತಾರೆ. ಅದೇ ಜಿಲ್ಲೆಯ ತೀರದ ಮನ್ನಾರ್ ಕೊಲ್ಲಿಯ ಬಂಡೆಗಳಿಂದ ಸರ್ಗ್ಯಾಸಮ್ ಕಿತ್ತು ಆಲ್ಜಿನೇಟ್ (ಕಂದು ಪಾಚಿಯಿಂದ ತೆಗೆಯುವ ಅಂಟು) ಉದ್ಯಮಕ್ಕೆ ಕೊಡುವುದೂ ಬಹಳ ಕಾಲದಿಂದ ನಡೆದಿದೆ. ಕಾರವಾರ, ಭಟ್ಕಳ, ಮುರುಡೇಶ್ವರದ ಬಂಡೆಗಳ ಮೇಲೂ ಮಳೆಗಾಲ ಮುಗಿದ ಮೇಲೆ ಸರ್ಗ್ಯಾಸಮ್ ಕಾಣುತ್ತದೆ. ಕಪ್ಪಾಫೈಕಸ್ ಕೆಂಪು ಪಾಚಿ. ಕೆಂಪು ಪಾಚಿಗಳಲ್ಲಿ ಸಾಮಾನ್ಯವಾಗಿ ಆರ್ಸೆನಿಕ್ ಕಡಿಮೆ, ಇರುವುದೂ ಹೆಚ್ಚಾಗಿ ಸಕ್ಕರೆ ರೂಪದಲ್ಲಿ. ಸರ್ಗ್ಯಾಸಮ್ ಹಾಗಲ್ಲ. ಜೊತೆಗೆ ಮಳೆಗಾಲದಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಆಳದ ನೀರು ಮೇಲೆ ಬಂದು ಫಾಸ್ಫೇಟ್ ತರುತ್ತದೆ. ಆದ್ದರಿಂದ ಅಟ್ಲಾಂಟಿಕ್‌ನ ಅಂಕಿಗಳನ್ನು ಇಲ್ಲಿಗೆ ಎತ್ತಿ ತಂದು ಹೆದರಿಸುವುದು ತಪ್ಪು. ಇಲ್ಲಿನ ಪಾಚಿಯನ್ನು ಇಲ್ಲೇ ಅಳೆಯಬೇಕು.

ಅಳೆಯುವಾಗ ಒಟ್ಟು ಆರ್ಸೆನಿಕ್ ಅಳೆದು ನಿಲ್ಲಿಸಬಾರದು. ಧಾತುಗಳನ್ನು ಅಳೆಯುವ ಐಸಿಪಿ-ಎಂಎಸ್ ಯಂತ್ರ ಒಟ್ಟು ಎಷ್ಟಿದೆ ಅನ್ನುವುದನ್ನು ಹೇಳುತ್ತದೆ. ಅದರ ಮುಂದೆ ರೂಪಗಳನ್ನು ಬೇರ್ಪಡಿಸುವ ಎಚ್‌ಪಿಎಲ್‌ಸಿ ಯಂತ್ರ ಜೋಡಿಸಿದರೆ ಪ್ರತಿ ರೂಪವನ್ನೂ ಬೇರೆ ಬೇರೆ ಎಣಿಸಬಹುದು. ಖರ್ಚು, ಸಮಯ ಎರಡೂ ಜಾಸ್ತಿ ನಿಜ. ಆದರೆ ಇದಿಲ್ಲದೆ ಎರಡು ಕಡೆಯೂ ಅನ್ಯಾಯ ಆಗುತ್ತದೆ. ಒಳ್ಳೆಯ ಪಾಚಿ ಬೆಳೆದ ಮಹಿಳೆಯ ಸರಕು ಒಟ್ಟು ಅಂಕಿ ನೋಡಿ ತಿರಸ್ಕಾರ ಆಗಬಹುದು. ಕೆಟ್ಟ ಸರಕು ಒಟ್ಟು ಅಂಕಿ ಕಡಿಮೆ ಇದೆ ಅಂತ ಪಾಸ್ ಆಗಬಹುದು. ಯುರೋಪಿನ ಪಶು ಆಹಾರ ನಿಯಮ ಈ ವಿಷಯದಲ್ಲಿ ಜಾಣತನ ತೋರಿಸಿದೆ. ಒಟ್ಟು ಮಿತಿ 40 ಮಿಲಿಗ್ರಾಂ, ಆದರೆ ಕೇಳಿದಾಗ ನಿರವಯವ ಭಾಗ 2 ಮಿಲಿಗ್ರಾಂಗಿಂತ ಕಡಿಮೆ ಎಂದು ಮಾರುವವರೇ ತೋರಿಸಬೇಕು. ಹಿಜಿಕಿಗೆ ಇದು ವಿಶೇಷವಾಗಿ ಮುಖ್ಯ ಎಂದೂ ಹೆಸರು ಹಿಡಿದು ಬರೆದಿದೆ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ತಿನ್ನುವ ಪಾಚಿಯಲ್ಲಿ ನಿರವಯವ ಆರ್ಸೆನಿಕ್ ಕಿಲೋಗೆ 1 ಮಿಲಿಗ್ರಾಂ ಮೀರಬಾರದು ಅನ್ನುತ್ತವೆ, ಫ್ರಾನ್ಸ್ 3 ಮಿಲಿಗ್ರಾಂ ಅನ್ನುತ್ತದೆ. ನಮ್ಮ ಪಾಚಿ ಉದ್ಯಮ ಇನ್ನೂ ಚಿಕ್ಕದು. ಯಾವ ತಳಿಯನ್ನು ಆಹಾರಕ್ಕೆ, ಯಾವುದನ್ನು ಗೊಬ್ಬರಕ್ಕೆ, ಯಾವುದನ್ನು ಪಶು ಆಹಾರಕ್ಕೆ ಅಂತ ತೀರ್ಮಾನಿಸುವ ಮೊದಲೇ ಪ್ರತಿ ಕರಾವಳಿಯ ಪಾಚಿಯಲ್ಲಿ ರೂಪವಾರು ಆರ್ಸೆನಿಕ್ ಅಳೆದು ಎಲ್ಲರಿಗೂ ಸಿಗುವ ಹಾಗೆ ಪ್ರಕಟಿಸಬೇಕು. ಲಕ್ಷಾಂತರ ಟನ್ ಬೆಳೆದ ಮೇಲೆ ಹುಡುಕುತ್ತಾ ಕೂತರೆ ಪೆಟ್ಟು ತಿನ್ನುವುದು ತೆಪ್ಪದ ಮೇಲಿರುವ ಹೆಣ್ಣುಮಕ್ಕಳು.

ಬೆಂಗಳೂರಿನಲ್ಲೋ ವಿದೇಶದಲ್ಲೋ ಇದ್ದು ಸುಶಿ, ಪಾಚಿಯ ಚಿಪ್ಸ್ ತಿನ್ನುವವರಿಗೆ ಒಂದೆರಡು ಮಾತು. ಸುಶಿಗೆ ಸುತ್ತುವ ನೋರಿ ಕೆಂಪು ಪಾಚಿ, ಒಂದು ಹಾಳೆಯ ತೂಕ ಮೂರು ಗ್ರಾಂ ಆಸುಪಾಸು. ಆಗೊಮ್ಮೆ ಈಗೊಮ್ಮೆ ತಿಂದರೆ ಆರ್ಸೆನಿಕ್ ಬಗ್ಗೆ ತಲೆಕೆಡಿಸಿಕೊಳ್ಳಬೇಕಿಲ್ಲ. ಹಿಜಿಕಿ ಬಿಟ್ಟುಬಿಡುವುದು ವಾಸಿ, ಮಕ್ಕಳಿಗೆ, ಗರ್ಭಿಣಿಯರಿಗೆ ಅಂತೂ ಬೇಡವೇ ಬೇಡ. ಪಾಚಿ ಪುಡಿಯ ಮಾತ್ರೆಗಳನ್ನು ದಿನವೂ ನುಂಗುವವರು ಅದು ಯಾವ ಪಾಚಿ ಅಂತ ನೋಡಿ, ನಿರವಯವ ಆರ್ಸೆನಿಕ್‌ನ ವರದಿ ಕೇಳಿ. ಕೆಲ್ಪ್ ಆದರೆ ಅಯೋಡಿನ್ ಕೂಡ ವಿಪರೀತ ಇರುತ್ತದೆ, ಥೈರಾಯ್ಡ್ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಇನ್ನೊಂದು ಮಾತು ವೈದ್ಯರಿಗೂ ಉಪಯೋಗ ಆಗಬಹುದು. ಪಾಚಿ ಅಥವಾ ಮೀನು ತಿಂದ ಮೇಲೆ ಮೂತ್ರದಲ್ಲಿ ಒಟ್ಟು ಆರ್ಸೆನಿಕ್ ಏರುವುದು ಸಹಜ. ಪಾಚಿಯ ಸಕ್ಕರೆಯಿಂದ ಬರುವ ಡಿಎಂಎ, ಕೆಟ್ಟ ನೀರು ಕುಡಿದವರ ಮೂತ್ರದಲ್ಲಿ ಬರುವ ಡಿಎಂಎ ಎರಡೂ ಒಂದೇ ಅಣು. ಆರ್ಸೆನಿಕ್ ಪರೀಕ್ಷೆಗೆ ಹೋಗುವ ಮೊದಲು ಮೂರು ನಾಲ್ಕು ದಿನ ಸಮುದ್ರದ ಆಹಾರ ಬಿಡಿ, ತಿಂದಿದ್ದರೆ ಅದನ್ನು ಹೇಳಿ.